ನ್ಯಾಪಿ ಪುರಾಣ

ಸಾಹಿತ್ಯ ಬಳಗದ ಓಲೆಯಲ್ಲಿ ಇದೆಂಥ ವಿಷಯ ಎಂದು ಮೂಗು ಮುರಿಯುವವರು ದಯವಿಟ್ಟು ಕ್ಷಮಿಸಬೇಕು. (ಮೂಗು ಮುಚ್ಚಿಕೊಳ್ಳುವವರಿಗೆ ನಮ್ಮ ಅಭ್ಯಂತರವಿಲ್ಲ.) ಕಳೆದ ಒಂದು ವರ್ಷದಲ್ಲಿ ನಮ್ಮ ಬಳಗದ ಮೂರು ಮನೆಗಳಲ್ಲಿ ತೊಟ್ಟಿಲು ಕಟ್ಟಿದ್ದಾರೆ. ಮೂರೂ ಮನೆಗಳಿಂದ ನಮಗೆ ಫೋನ್ ಬಂದಿದೆ, ಅದೂ ರಾತ್ರಿ ಹನ್ನೊಂದರ ಮೇಲೆ. "ಹೇಗಿದ್ದೀರಿ, ನಿಮ್ಮ ಕಡೆ ಮಳೆ ಹೇಗೆ" ಎಂದು ಶುರುವಾದ ಮಾತು ಐದು ನಿಮಿಷ ಸುತ್ತಿ ಬಳಸಿ, ಕೊನೆಗೆ ದನಿ ತಗ್ಗಿಸಿ, "ಅಲ್ಲಾ, ಒಂದು ವಿಷಯ ಕೇಳಬೇಕಿತ್ತು... ಮಗುವಿನ ಕಕ್ಕ ಹಸಿರಾಗಿದೆ. ಪರವಾಗಿಲ್ವಾ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ನಾವು ವೈದ್ಯರಲ್ಲ. ಈ ಬ್ರಿಟನ್ನಿನಲ್ಲಿ, ಅಜ್ಜಿ ಅಮ್ಮಂದಿರು ಐದು ಸಾವಿರ ಮೈಲಿ ಆಚೆ ಇರುವಾಗ, ಎರಡು ಮಕ್ಕಳನ್ನು ಬೆಳೆಸಿದ ಗಂಡ ಹೆಂಡತಿ, ಅಷ್ಟೆ. ಅದರಲ್ಲಿ ಮೊದಲನೆಯದರ ವಿಷಯದಲ್ಲಿ ದೊಡ್ಡ ತಪ್ಪು ಮಾಡಿದವರು. ಆ ತಪ್ಪಿಗೆ ಅಜ್ಞಾನ ಅರ್ಧ ಕಾರಣ, ನಾಚಿಕೆ ಇನ್ನರ್ಧ. ಎದೆಹಾಲಿನ ಬಗ್ಗೆ ಹಾಡು, ಕವಿತೆ, ಗಾದೆ ಎಲ್ಲ ಇರುವ ನಮ್ಮ ಭಾಷೆಯಲ್ಲಿ, ಆ ಹಾಲು ಒಳಗೆ ಹೋಯಿತೋ ಇಲ್ಲವೋ ಎಂದು ಹೇಳುವ ಸಾಕ್ಷಿಯ ಬಗ್ಗೆಯೂ ಒಮ್ಮೆ ಮುಚ್ಚುಮರೆಯಿಲ್ಲದೆ ಬರೆದುಬಿಡೋಣ ಎಂದು ಈ ಪ್ರಯತ್ನ. ಅಮೆರಿಕದಲ್ಲಿರುವ ಮಿತ್ರರು ನ್ಯಾಪಿ ಎಂದಿರುವಲ್ಲೆಲ್ಲ ಡೈಪರ್ ಎಂದು ಓದಿಕೊಳ್ಳಬೇಕಾಗಿ ವಿನಂತಿ.

ನಮ್ಮ ತಪ್ಪು

ಮೊದಲ ಮಗು ಹುಟ್ಟಿದಾಗ ಅದರ ತೂಕ 3.2 ಕಿಲೋ. ಎರಡನೆಯ ದಿನಕ್ಕೆ ಮನೆಗೆ ಬಂದೆವು. ಮಗು ಬಲು ಸಾಧು. ಅಳುವುದೇ ಇಲ್ಲ. ಎದೆಗೆ ಹಾಕಿದರೆ ಎರಡು ನಿಮಿಷ ಚೀಪಿ ನಿದ್ದೆ ಹೋಗುತ್ತಿತ್ತು; ನಾಲ್ಕೈದು ಗಂಟೆ ಏಳುತ್ತಲೇ ಇರಲಿಲ್ಲ. ಊರಿಗೆ ಫೋನ್ ಮಾಡಿದರೆ "ಪುಣ್ಯ ಮಾಡಿದ್ದೀರಿ ಕಣ್ರೋ, ಇಂಥ ಮಗು ಸಿಗಬೇಕಲ್ಲ" ಎಂದರು. ನಾವೂ ಬೀಗಿದೆವು. ನಾಲ್ಕನೆಯ ದಿನ ನ್ಯಾಪಿಯಲ್ಲಿ ಇಟ್ಟಿಗೆ ಪುಡಿ ಉದುರಿಸಿದ ಹಾಗೆ ಕಿತ್ತಳೆ ಬಣ್ಣದ ಕಲೆ ಕಂಡಿತು. ಇದನ್ನು ಯಾರ ಹತ್ತಿರ ಕೇಳುವುದು? ಫೋನಿನಲ್ಲಿ ಮಾವನವರು ಪಕ್ಕದಲ್ಲೇ ಇರುತ್ತಾರೆ, ಅತ್ತೆಯವರ ಬಳಿ ಮಗುವಿನ ಉಚ್ಚೆಯ ಬಣ್ಣ ವರ್ಣಿಸುವುದೆ? ಸುಮ್ಮನಾದೆವು.

ಇಲ್ಲಿ ಐದನೆಯ ದಿನ ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದು, ತೂಕ ನೋಡುವ ಕ್ರಮವಿದೆ. ಬಂದ ಮಿಡ್‌ವೈಫ್ ಚೀಲ ಕೆಳಗಿಡುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: ನಿನ್ನೆಯಿಂದ ಎಷ್ಟು ನ್ಯಾಪಿ? ನಾವು ಮುಖ ಮುಖ ನೋಡಿಕೊಂಡೆವು. ಒಂದೋ ಎರಡೋ. ತಕ್ಕಡಿಯಲ್ಲಿ 2.84 ಕಿಲೋ. ಹುಟ್ಟಿದ ತೂಕದ ನೂರರಲ್ಲಿ ಹನ್ನೊಂದು ಪಾಲು ಹೋಗಿತ್ತು. ಅಂದೇ ಆಸ್ಪತ್ರೆಗೆ ವಾಪಸ್ಸು. ನಮ್ಮ "ಸಾಧು" ಮಗು ಸಾಧುವಾಗಿರಲಿಲ್ಲ, ಅಳಲು ತ್ರಾಣವಿಲ್ಲದೆ ಮಲಗಿತ್ತು. ಬಾಯಿ ಹಿಡಿಯುವ ರೀತಿ ತಿದ್ದಿದರು, ಹಿಂಡಿದ ಹಾಲನ್ನು ಪುಟ್ಟ ಬಟ್ಟಲಲ್ಲಿ ಕುಡಿಸಿದರು. ಎರಡು ದಿನದಲ್ಲಿ ಮಗು ಮನೆ ಕಿತ್ತುಹೋಗುವ ಹಾಗೆ ಅತ್ತಿತು. ಅಂಥ ಇಂಪಾದ ಸಂಗೀತ ನಾವು ಕೇಳಿಲ್ಲ. ಎಲ್ಲ ಸರಿಹೋಯಿತು ಅನ್ನಿ. ಆದರೆ ಲೆಕ್ಕ ಗೊತ್ತಿದ್ದರೆ ಮೂರನೆಯ ದಿನವೇ ತಿಳಿಯಬಹುದಿತ್ತು.

ಮೊದಲ ವಾರದ ಲೆಕ್ಕ

ಬಾಟಲಿಯಲ್ಲಾದರೆ ಎಷ್ಟು ಕುಡಿಯಿತೆಂದು ಗೆರೆ ನೋಡಿ ಹೇಳಬಹುದು. ಎದೆಯ ಮೇಲೆ ಗೆರೆಯಿಲ್ಲ. ಹಾಗಾಗಿ ಒಳಗೆ ಹೋದದ್ದನ್ನು ಹೊರಗೆ ಬಂದದ್ದರಿಂದ ಅಳೆಯಬೇಕು.

ಮೊದಲ ಒಂದೆರಡು ದಿನ ಬರುವುದು ಮೆಕೋನಿಯಂ. ಡಾಂಬರಿನ ಹಾಗೆ ಕಪ್ಪು ಹಸಿರು, ಅಂಟು ಅಂಟು, ವಾಸನೆಯಿಲ್ಲ. ಗರ್ಭದಲ್ಲಿದ್ದಾಗ ನುಂಗಿದ ನೀರು, ಉದುರಿದ ಚರ್ಮದ ಕಣ, ನವಿರು ಕೂದಲು, ಲೋಳೆ, ಪಿತ್ತರಸ ಎಲ್ಲ ಸೇರಿದ್ದು. ಪದಪ್ರಿಯರಿಗೆ ಒಂದು ಸ್ವಾರಸ್ಯ: ಗ್ರೀಕರ ಮಾತಿನಲ್ಲಿ ಮೆಕಾನ್ ಅಂದರೆ ಗಸಗಸೆ ಗಿಡ. ಅದರ ಕಾಯಿಯ ಕಪ್ಪು ರಸದ ಹೆಸರೇ ಇದಕ್ಕೂ ಬಂದಿದೆ. ಪಾಯಸದ ಗಸಗಸೆಗೂ ಇದಕ್ಕೂ ನೆಂಟಸ್ತನ! ಹುಟ್ಟಿದ 24 ಗಂಟೆಯಾದರೂ ಇದು ಬಾರದಿದ್ದರೆ ಮಿಡ್‌ವೈಫ್‌ಗೆ ಹೇಳಬೇಕು.

ಮೂರನೆಯ ನಾಲ್ಕನೆಯ ದಿನಕ್ಕೆ ಬಣ್ಣ ಹಸಿರು ಕಂದಾಗುತ್ತದೆ, ತೆಳ್ಳಗಾಗುತ್ತದೆ. ಐದನೆಯ ದಿನದ ಹೊತ್ತಿಗೆ ಸಾಸಿವೆ ಅರೆದಂಥ ಹಳದಿ, ನಡುವೆ ಸಣ್ಣ ಸಣ್ಣ ಕಾಳು. ನೀರು ನೀರಾಗಿದ್ದರೂ ಭೇದಿಯಲ್ಲ. ಕೆಲವು ಮಕ್ಕಳು ಪ್ರತಿ ಸಲ ಕುಡಿದಾಗಲೂ ಮಾಡುತ್ತವೆ. ಐದನೆಯ ದಿನದಿಂದ ನಾಲ್ಕಾರು ವಾರದವರೆಗೆ ದಿನಕ್ಕೆ ಕನಿಷ್ಠ ಎರಡು ಸಲ ಹಳದಿ ಕಕ್ಕ ಬರಬೇಕು. ಐದನೆಯ ದಿನವೂ ಕಪ್ಪಾಗಿಯೇ ಇದ್ದರೆ, ಅಥವಾ ಏನೂ ಬಾರದಿದ್ದರೆ, ಹಾಲು ಸಾಕಷ್ಟು ಒಳಗೆ ಹೋಗುತ್ತಿಲ್ಲವೆಂದು ಅರ್ಥ.

ಉಚ್ಚೆಯ ಲೆಕ್ಕ ಇನ್ನೂ ಸುಲಭ. ಮೊದಲೆರಡು ದಿನ, ದಿನಕ್ಕೆ ಒಂದೆರಡು ಒದ್ದೆ ನ್ಯಾಪಿ. ಮೂರು ನಾಲ್ಕನೆಯ ದಿನ ಮೂರಕ್ಕೆ ಕಡಿಮೆಯಿಲ್ಲ. ಐದು ಆರನೆಯ ದಿನ ಐದು. ವಾರ ತುಂಬಿದ ಮೇಲೆ 24 ಗಂಟೆಗೆ ಆರು ಅಥವಾ ಹೆಚ್ಚು, ಅದೂ ಕೈಗೆ ಭಾರ ತಿಳಿಯುವ ಹಾಗೆ. ಈಗಿನ ನ್ಯಾಪಿಗಳು ಎಷ್ಟು ಹೀರುತ್ತವೆಂದರೆ ಒದ್ದೆಯಾದದ್ದೇ ತಿಳಿಯುವುದಿಲ್ಲ. ಅನುಮಾನವಿದ್ದರೆ ಹೊಸ ನ್ಯಾಪಿಯೊಂದಕ್ಕೆ ಮೂರು ದೊಡ್ಡ ಚಮಚ ನೀರು ಸುರಿದು ಕೈಯಲ್ಲಿ ತೂಗಿ ನೋಡಿ. ಒದ್ದೆ ಅಂದರೆ ಅಷ್ಟು. ಇನ್ನು ನಮ್ಮ ಕಿತ್ತಳೆ ಕಲೆ. ಅದು ಯೂರೇಟ್ ಎಂಬ ಲವಣದ ಹರಳು, ಉಚ್ಚೆ ಗಟ್ಟಿಯಾದಾಗ ಕಾಣುವಂಥದು. ಮೊದಲ ಒಂದೆರಡು ದಿನ ಕಂಡರೆ ಚಿಂತೆಯಿಲ್ಲ. ಅದಾದ ಮೇಲೂ ಕಂಡರೆ ಮಗುವಿಗೆ ಹಾಲು ಸಾಲದೆಂಬ ಎಚ್ಚರಿಕೆ. ಹುಟ್ಟಿದ ಮಕ್ಕಳ ತೂಕ ಮೊದಲ ದಿನಗಳಲ್ಲಿ ತುಸು ಇಳಿಯುವುದು ಸಹಜವೇ. ನೂರಕ್ಕೆ ಹತ್ತು ಪಾಲನ್ನು ಮೀರಿ ಇಳಿದರೆ ನೋಡಿಸಬೇಕು. ಎರಡು ವಾರದ ಹೊತ್ತಿಗೆ ಹೆಚ್ಚಿನ ಮಕ್ಕಳು ಹುಟ್ಟಿದ ತೂಕಕ್ಕೆ ಮರಳುತ್ತವೆ.

ಬಣ್ಣದ ಗುಟ್ಟು

ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಮೊದಲು ಹಸಿರು ಬಣ್ಣದ ಬಿಲಿವರ್ಡಿನ್, ಅದರಿಂದ ಹಳದಿಯ ಬಿಲಿರುಬಿನ್ ಆಗುತ್ತದೆ. ಇದು ಪಿತ್ತರಸದೊಂದಿಗೆ ಕರುಳಿಗೆ ಇಳಿಯುತ್ತದೆ. ದೊಡ್ಡವರ ಕರುಳಿನ ಬ್ಯಾಕ್ಟೀರಿಯಾ ಅದನ್ನು ಕಂದು ಬಣ್ಣಕ್ಕೆ ತಿರುಗಿಸುತ್ತವೆ. ಎಳೆಯ ಮಗುವಿನಲ್ಲಿ ಆ ಕೆಲಸದ ಬ್ಯಾಕ್ಟೀರಿಯಾ ಇನ್ನೂ ನೆಲೆಸಿರುವುದಿಲ್ಲ. ಅದಕ್ಕೇ ಹಳದಿ. ಕರುಳಿನಲ್ಲಿ ಬೇಗ ಬೇಗ ಸಾಗಿಬಂದರೆ ಹಸಿರು. ಮಗು ಚೆನ್ನಾಗಿ ಕುಡಿಯುತ್ತ, ತೂಕ ಏರುತ್ತ ಇದ್ದರೆ ಆಗೊಮ್ಮೆ ಈಗೊಮ್ಮೆ ಬರುವ ಹಸಿರಿಗೆ ರಾತ್ರಿ ಹನ್ನೊಂದರ ಫೋನ್ ಅಗತ್ಯವಿಲ್ಲ. (ಮಾಡಿದರೂ ಬೇಸರವಿಲ್ಲ.)

ಇದೇ ಲೆಕ್ಕದಲ್ಲಿ ಕಾಮಾಲೆಯೂ ಬರುತ್ತದೆ. ಬಿಲಿರುಬಿನ್ ಹೊರಹೋಗುವ ದಾರಿ ಕಕ್ಕವೇ. ಮೊದಲ ವಾರ ಹಾಲು ಕಡಿಮೆಯಾಗಿ ಕಕ್ಕ ತಡವಾದರೆ, ಅದು ಕರುಳಿನಿಂದ ಮತ್ತೆ ರಕ್ತಕ್ಕೆ ಸೇರಿ ಮಗು ಇನ್ನಷ್ಟು ಹಳದಿಯಾಗುತ್ತದೆ. ಹಳದಿಯಾದ ಮಗು ಹೆಚ್ಚು ನಿದ್ದೆ ಮಾಡುತ್ತದೆ, ನಿದ್ದೆ ಮಾಡುವ ಮಗು ಕಡಿಮೆ ಕುಡಿಯುತ್ತದೆ. ಈ ಸುತ್ತನ್ನು ಮುರಿಯಲು ಎಬ್ಬಿಸಿ ಕುಡಿಸಬೇಕು. "ಮಲಗಿದ ಮಗುವನ್ನು ಎಬ್ಬಿಸಬಾರದು" ಎಂಬ ಮಾತು ಮೊದಲ ವಾರಕ್ಕೆ ಅನ್ವಯಿಸುವುದಿಲ್ಲ. ನಮ್ಮ ಕಂದು ಮೈಬಣ್ಣದ ಮಕ್ಕಳಲ್ಲಿ ಚರ್ಮದ ಹಳದಿ ಬೇಗ ಕಾಣುವುದಿಲ್ಲ. ಕಣ್ಣಿನ ಬಿಳಿಭಾಗ, ಒಸಡು ನೋಡಬೇಕು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ತಡಮಾಡದೆ ಆಸ್ಪತ್ರೆ. 14 ದಿನ ದಾಟಿಯೂ ಉಳಿದರೆ ಪರೀಕ್ಷೆ ಬೇಕು.

ನಿಜವಾಗಿ ಹೆದರಬೇಕಾದ ಬಣ್ಣ ಹಸಿರಲ್ಲ, ಬಿಳಿ. ಸುಣ್ಣದಂತೆ, ಮಣ್ಣಿನಂತೆ ಪೇಲವವಾದ ಕಕ್ಕ, ಜೊತೆಗೆ ಬಟ್ಟೆಗೆ ಹಳದಿ ಕಲೆ ಕೂರಿಸುವ ಗಾಢ ಉಚ್ಚೆ ಬಂದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ. ಪಿತ್ತನಾಳ ಮುಚ್ಚಿಹೋಗುವ ಅಪರೂಪದ ಕಾಯಿಲೆ ಇರಬಹುದು. ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ 1950ರ ದಶಕದಲ್ಲಿ ಇದಕ್ಕೆ ಶಸ್ತ್ರಚಿಕಿತ್ಸೆ ಕಂಡುಹಿಡಿದರು. ಮೊದಲ ಎರಡು ತಿಂಗಳಲ್ಲೇ ಮಾಡಿದರೆ ಫಲ ಹೆಚ್ಚು. ಹಾಗಾಗಿ ತೈವಾನಿನಲ್ಲಿ 2004ರಿಂದ ದೇಶದುದ್ದಕ್ಕೂ ತಾಯಂದಿರಿಗೆ ಕಕ್ಕದ ಬಣ್ಣಗಳನ್ನು ಅಚ್ಚು ಹಾಕಿದ ಕಾರ್ಡು ಕೊಡುತ್ತಾರೆ. ನಾವು ಹೇಳಲು ನಾಚುವ ಬಣ್ಣವನ್ನು ಅವರು ಅಚ್ಚು ಹಾಕಿ ಕೊಟ್ಟು ಮಕ್ಕಳನ್ನು ಉಳಿಸಿಕೊಂಡಿದ್ದಾರೆ.

ಗಿಣ್ಣು, ಜೇನು, ಬಜೆ

ಹಸು ಈದರೆ ಗಿಣ್ಣಿಗಾಗಿ ಮನೆಮಂದಿಯೆಲ್ಲ ಕಾದು ಕೂರುವ ನಾಡು ನಮ್ಮದು. ಅಂಥ ನಾಡಿನ ಎಷ್ಟೋ ಮನೆಗಳಲ್ಲಿ ಬಾಣಂತಿಯ ಮೊದಲ ಹಾಲನ್ನು ಮಾತ್ರ ಹಿಂಡಿ ಚೆಲ್ಲಿ, ಮಗುವಿಗೆ ಜೇನು ನೆಕ್ಕಿಸುತ್ತಿದ್ದರು. ಆ ಗಿಣ್ಣು ಹಾಲು ಪ್ರಮಾಣದಲ್ಲಿ ಕಡಿಮೆ, ಮೊದಲ ದಿನ ಒಂದು ಸಲಕ್ಕೆ ಒಂದೆರಡು ಟೀ ಚಮಚ ಅಷ್ಟೆ. ಮಗುವಿಗೆ ಅದೇ ಸಾಕು. ರೋಗನಿರೋಧಕ ಅಂಶಗಳು ಅದರಲ್ಲಿ ದಟ್ಟವಾಗಿರುತ್ತವೆ, ಕರುಳನ್ನು ಸಡಿಲಿಸಿ ಆ ಡಾಂಬರನ್ನು ಹೊರಹಾಕಿಸುತ್ತದೆ. ಜೇನಿನಲ್ಲಿ ಬಾಟುಲಿನಂ ಎಂಬ ವಿಷದ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಎಳೆಯ ಕರುಳಿನಲ್ಲಿ ಅವು ಮೊಳೆಯುತ್ತವೆ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದರು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ತೇಯ್ದು ನೆಕ್ಕಿಸುವ ಬಜೆಯೂ ಬೇಡ. ಅದರಲ್ಲಿರುವ ಅಸರೋನ್ ಎಂಬ ಅಂಶದ ಕಾರಣ ಅಮೆರಿಕದಲ್ಲಿ 1968ರಲ್ಲೇ ಆಹಾರದಲ್ಲಿ ಬಜೆ ಬಳಸುವುದನ್ನು ನಿಷೇಧಿಸಿದ್ದಾರೆ. ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ತಪ್ಪದೆ ಇರುವ ಗ್ರೈಪ್ ವಾಟರ್ ಅಂತೂ ಇದೇ ದೇಶದ ನಾಟಿಂಗ್‌ಹ್ಯಾಂ ಪಟ್ಟಣದಲ್ಲಿ 1851ರಲ್ಲಿ ಹುಟ್ಟಿದ್ದು. ಹಿಂದೆ ಅದರಲ್ಲಿ ಮದ್ಯಸಾರವೂ ಇತ್ತು. ಮಗು ತಣ್ಣಗೆ ಮಲಗುತ್ತಿದ್ದದ್ದರಲ್ಲಿ ಆಶ್ಚರ್ಯವೇನು!

ಕೊಲ್ಲಿಯ ಮಿತ್ರರು "ಈ ಸೆಕೆಯಲ್ಲಿ ನೀರಾದರೂ?" ಎಂದು ಕೇಳುತ್ತಾರೆ. ಎದೆಹಾಲಿನ ನೂರರಲ್ಲಿ ಎಂಬತ್ತೇಳು ಎಂಬತ್ತೆಂಟು ಪಾಲು ನೀರೇ. ಸೆಕೆಯಾದರೆ ಇನ್ನೊಂದೆರಡು ಸಲ ಹಾಲು ಕುಡಿಸಿದರಾಯಿತು. ಹೊರಗಿನ ನೀರು ಪುಟ್ಟ ಹೊಟ್ಟೆಯಲ್ಲಿ ಹಾಲಿನ ಜಾಗ ಕಸಿಯುತ್ತದೆ. ಒಂದೇ ಒಂದು ಹೊರಗಿನ ವಸ್ತು ಬೇಕಾದದ್ದು ಡಿ ವಿಟಮಿನ್ ಹನಿ. ಎದೆಹಾಲಿನ ಮಕ್ಕಳಿಗೆ ಹುಟ್ಟಿದಾಗಿನಿಂದ ದಿನಕ್ಕೆ 8.5ರಿಂದ 10 ಮೈಕ್ರೋಗ್ರಾಂ ಕೊಡಿ ಎಂದು ಇಲ್ಲಿಯ ಸಲಹೆ. ಈ ದೇಶದ ಬಿಸಿಲನ್ನು ನಂಬಿ ಕೂರುವಂತಿಲ್ಲವಲ್ಲ.

ಕುಡಿಯುವ ಲಯ

ಮೊದಲ ವಾರಗಳಲ್ಲಿ 24 ಗಂಟೆಗೆ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು. ಇದನ್ನು ಗಡಿಯಾರದಿಂದ ಸಮನಾಗಿ ಹಂಚಲು ಹೋಗಬೇಡಿ. ಸಂಜೆಯಾಯಿತೆಂದರೆ ಕೆಲವು ಮಕ್ಕಳು ಅರ್ಧ ಗಂಟೆಗೊಮ್ಮೆ, ಮೂರು ನಾಲ್ಕು ಗಂಟೆ ಹೊತ್ತು, ಎದೆ ಬಿಡುವುದೇ ಇಲ್ಲ. "ಹಾಲು ಸಾಲುತ್ತಿಲ್ಲ, ಒಂದು ಬಾಟಲಿ ಕೊಡು" ಎಂಬ ಮಾತು ಹುಟ್ಟುವುದೇ ಈ ಹೊತ್ತಿನಲ್ಲಿ. ಹಾಲಿನ ವ್ಯಾಪಾರ ಹೀಗೆ: ಎದೆ ಬರಿದಾದಷ್ಟೂ ಹಾಲು ಬೇಗ ಊರುತ್ತದೆ, ತುಂಬಿಕೊಂಡೇ ಇದ್ದರೆ ಊರುವುದು ನಿಧಾನವಾಗುತ್ತದೆ. ಬಾವಿಯ ನೀರು ಸೇದಿದಷ್ಟೂ ಊರುವ ಹಾಗೆ. ಬಾಟಲಿ ಕೊಟ್ಟ ಹೊತ್ತಿಗೆ ಎದೆ ಬರಿದಾಗುವುದಿಲ್ಲ, ಮರುದಿನ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ವೈದ್ಯರೇ ಹೇಳಿದರೆ ಮಾತು ಬೇರೆ. ಆಗ ಕೊಡಲೇಬೇಕು, ಅದರಲ್ಲಿ ಸೋಲೂ ಇಲ್ಲ, ಪಾಪವೂ ಇಲ್ಲ.

ಹಾಗಾದರೆ ಸಂಜೆಯ ಹಸಿವು ಸಹಜವೋ ಕೊರತೆಯೋ ಎಂದು ತಿಳಿಯುವುದು ಹೇಗೆ? ಮತ್ತೆ ನ್ಯಾಪಿಗೇ ಬನ್ನಿ. ಆರು ಒದ್ದೆ, ಎರಡು ಹಳದಿ, ಕುಡಿಯುವಾಗ ಗುಟುಕಿನ ಸದ್ದು, ತಾಯಿಗೆ ನೋವಿಲ್ಲ, ವಾರಕ್ಕೆ ಸುಮಾರು 150ರಿಂದ 200 ಗ್ರಾಂ ಏರಿಕೆ. ಇಷ್ಟಿದ್ದರೆ ಸಂಜೆಯ ರಂಪ ಬರಿಯ ರಂಪ.

ಆರನೆಯ ವಾರದ ಆಸುಪಾಸು ಮತ್ತೊಂದು ಗಾಬರಿ. ಬಿಗಿದು ತುಂಬಿರುತ್ತಿದ್ದ ಎದೆ ಮೆತ್ತಗಾಗುತ್ತದೆ. ನಲವತ್ತು ನಿಮಿಷ ಕುಡಿಯುತ್ತಿದ್ದ ಮಗು ಹತ್ತೇ ನಿಮಿಷಕ್ಕೆ ಸಾಕೆನ್ನುತ್ತದೆ. ಜೊತೆಗೆ ಕಕ್ಕವೂ ನಿಂತಂತಾಗುತ್ತದೆ! ಮೂರೂ ಒಟ್ಟಿಗೆ ಬಂದಾಗ ಹಾಲು ಬತ್ತಿತೆಂದು ಕೈಬಿಟ್ಟ ತಾಯಂದಿರನ್ನು ನಾವು ಬಲ್ಲೆವು. ನಿಜದಲ್ಲಿ ಬೇಡಿಕೆ ಪೂರೈಕೆ ಹೊಂದಿಕೊಂಡಿರುತ್ತವೆ, ಮಗು ಕುಡಿಯುವುದರಲ್ಲಿ ಪಳಗಿರುತ್ತದೆ. ಒಂದು ತಿಂಗಳಿಂದ ಆರು ತಿಂಗಳವರೆಗೆ ದಿನದ ಹಾಲು ಸರಾಸರಿ 750ರಿಂದ 800 ಮಿಲಿಲೀಟರ್, ಹೆಚ್ಚು ಬದಲಾಗುವುದೇ ಇಲ್ಲ. ಆ ಹಾಲಿನ ಬಹುಪಾಲು ಮೈಗೂಡಿ, ಹೊರಹಾಕಲು ಏನೂ ಉಳಿಯದಷ್ಟಾಗುತ್ತದೆ. ವಾರ, ಹತ್ತು ದಿನ ಕಕ್ಕ ಮಾಡದ ಮಕ್ಕಳಿವೆ. ಬಂದಾಗ ಮೆತ್ತಗಿದ್ದರೆ, ಉಚ್ಚೆ ಸರಿಯಿದ್ದರೆ, ಮಗು ನಗುತ್ತಿದ್ದರೆ ಅದು ಮಲಬದ್ಧತೆಯಲ್ಲ. ಮೊದಲ ತಿಂಗಳೊಳಗಿನ ಮಗುವಿಗೆ ಮತ್ತು ಪುಡಿಹಾಲಿನ ಮಗುವಿಗೆ ಮಾತ್ರ ಈ ಮಾತು ಅನ್ವಯಿಸದು, ನೆನಪಿರಲಿ.

ನಮ್ಮ ಎರಡನೆಯ ಮಗು ಏಳನೆಯ ವಾರದಲ್ಲಿ ಹೀಗೆ ಮುಷ್ಕರ ಹೂಡಿತು. ಆಗ ಅತ್ತೆಯವರು ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ಐದನೆಯ ದಿನ ಹರಳೆಣ್ಣೆ ಅಂದರು. ಆರನೆಯ ದಿನ ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಮಾಡುವ ಉಪಾಯ ಅಂದರು. ಎಲೆಗಾಗಿ ಇಂಡಿಯನ್ ಅಂಗಡಿಗೆ ಹೋಗಿ ಬಂದದ್ದೂ ಆಯಿತು. ಹೆಲ್ತ್ ವಿಸಿಟರ್ ಬಂದವರು ಹೊಟ್ಟೆ ಮುಟ್ಟಿ, ತೂಕ ನೋಡಿ, ಕಾಯಿರಿ ಎಂದು ಹೋದರು. ಎಂಟನೆಯ ದಿನ, ಹಬ್ಬವೆಂದು ಉಟ್ಟಿದ್ದ ಇಳಕಲ್ ಸೀರೆಯ ಮೇಲೆ, ಅಜ್ಜಿಯ ಮಡಿಲಿನಲ್ಲೇ, ಎಂಟೂ ದಿನದ ಬಾಕಿ ಒಂದೇ ಸಲಕ್ಕೆ ಚುಕ್ತಾ! ಅತ್ತೆಯವರು ಕೂತಲ್ಲಿಂದ ಏಳದೆ ಬಗ್ಗಿ ನೋಡಿ, "ಮೆತ್ತಗಿದೆ, ಒಳ್ಳೆ ಅರಿಸಿನ ಬಣ್ಣ. ಹೊಟ್ಟೆ ಚೆನ್ನಾಗಿದೆ" ಎಂದರು. ವೀಳ್ಯದೆಲೆಯನ್ನು ಊಟದ ಮೇಲೆ ನಾವೇ ಹಾಕಿಕೊಂಡೆವು.

ಆ ರಾತ್ರಿ ಅವರಿಗೆ ಮೊದಲ ಮಗುವಿನ ಕಿತ್ತಳೆ ಕಲೆಯ ಕಥೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನನ್ನು ಕೇಳಬಾರದಿತ್ತಾ? ನಾವು ಲಂಗೋಟಿ ಬಟ್ಟೆ ಒಗೆದು ಹಗ್ಗಕ್ಕೆ ಹಾಕುವಾಗ ಎಣಿಸುತ್ತಿದ್ದೆವು. ಹಗ್ಗ ಖಾಲಿ ಇದ್ದರೆ ಬಾಣಂತಿಗೆ ಹಾಲಿಲ್ಲ ಅಂತ ಅರ್ಥ" ಎಂದರು. ಮಿಡ್‌ವೈಫ್ ಕೇಳಿದ್ದೂ ಅದನ್ನೇ. ಹಿತ್ತಲಿನ ಹಗ್ಗದಲ್ಲಿ ಇದ್ದ ಲೆಕ್ಕ ಆಸ್ಪತ್ರೆಯ ಹಾಳೆಯಲ್ಲೂ ಇದೆ. ನಡುವೆ ನಾವು ಬಾಯಿ ಮುಚ್ಚಿಕೊಂಡು ಕೂತಿದ್ದೆವು.

ತಕ್ಕಡಿ ಮತ್ತು ಅನ್ನಪ್ರಾಶನ

ಕೆಂಪು ಪುಸ್ತಕದ ತೂಕದ ಗೆರೆಗಳ ಬಗ್ಗೆ ಒಂದು ಮಾತು. ಹಳೆಯ ಗೆರೆಗಳನ್ನು ಎಳೆದಾಗ ಪುಡಿಹಾಲಿನ ಮಕ್ಕಳ ಪಾಲು ಹೆಚ್ಚಿತ್ತು. ಎದೆಹಾಲಿನ ಮಕ್ಕಳು ಮೂರು ನಾಲ್ಕು ತಿಂಗಳ ಮೇಲೆ ತುಸು ನಿಧಾನವಾಗಿ ಏರುವುದರಿಂದ ಅವು ಹಿಂದೆ ಬಿದ್ದಂತೆ ಕಾಣುತ್ತಿದ್ದವು. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ ಸುಮಾರು 8500 ಮಕ್ಕಳನ್ನು ಅಳೆದು, ಎದೆಹಾಲನ್ನೇ ಅಳತೆಗೋಲಾಗಿಟ್ಟು 2006ರಲ್ಲಿ ಹೊಸ ಗೆರೆಗಳನ್ನು ಕೊಟ್ಟಿತು. ಬ್ರಿಟನ್ನಿಗೆ ಅವು 2009ರಲ್ಲಿ ಬಂದವು. ಈ ಗೆರೆಗಳಲ್ಲಿ ದೆಹಲಿಯ ಮಕ್ಕಳ ಪಾಲೂ ಇದೆ.

ಆರು ತಿಂಗಳು ಬರಿಯ ಎದೆಹಾಲು ಎಂದು ಆ ಸಂಸ್ಥೆ 2001ರಿಂದ ಹೇಳುತ್ತಿದೆ. ನಮ್ಮ ಅನ್ನಪ್ರಾಶನವೂ ಆರನೆಯ ತಿಂಗಳಿಗೇ. ಅಲ್ಲಿಂದ ನ್ಯಾಪಿಯ ಎರಡನೆಯ ಕಾಂಡ. ಬಣ್ಣ ಕಂದಾಗುತ್ತದೆ, ವಾಸನೆ ದೊಡ್ಡವರದಾಗುತ್ತದೆ, ಇಷ್ಟು ದಿನದ ಹುಳಿಮಜ್ಜಿಗೆಯ ಪರಿಮಳ ಇನ್ನಿಲ್ಲ. ರಾಗಿ ಸರಿ ಕೊಟ್ಟರೆ ಕಪ್ಪು ಕಂದು, ಬೀಟ್‌ರೂಟ್ ಕೊಟ್ಟರೆ ಕೆಂಪು, ಬಾಳೆಹಣ್ಣು ಕೊಟ್ಟರೆ ಕಪ್ಪು ದಾರದ ಎಳೆಗಳು. ಹುಳುವೆಂದು ಹೆದರಬೇಡಿ.

ಕೊನೆಗೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಲು ಇಷ್ಟು: ಎಬ್ಬಿಸಿದರೂ ಏಳದ, ಕುಡಿಯಲೊಲ್ಲದ ಮಗು, ನ್ಯಾಪಿ ಒದ್ದೆಯಾಗದಿರುವುದು, ಬಿಳಿ ಕಕ್ಕ, ಕಕ್ಕದಲ್ಲಿ ರಕ್ತ, ಹಸಿರು ವಾಂತಿ, ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಅಥವಾ ಹೆಚ್ಚಿನ ಜ್ವರ. ಇವುಗಳಲ್ಲಿ ಯಾವುದೇ ಕಂಡರೂ ನಮಗಲ್ಲ, ಮೊದಲು ವೈದ್ಯರಿಗೆ ಫೋನ್ ಮಾಡಿ. ಈ ದೇಶದಲ್ಲಿ 111 ರಾತ್ರಿಯೂ ಎತ್ತುತ್ತಾರೆ. ಉಳಿದ ಬಣ್ಣಗಳಿಗೆಲ್ಲ ನಾವಿದ್ದೇವೆ, ಹನ್ನೊಂದರ ಮೇಲೂ. ಮಳೆಯ ವಿಷಯ ಬಿಟ್ಟು ನೇರವಾಗಿ ಕೇಳಿ.